ನಲವತ್ತೇಳರಲ್ಲಿ ಒಬ್ಬಳು

ಜೂನ್ 2, ಸೋಮವಾರ

ಇವತ್ತಿನಿಂದ ಮೂರು ವಾರ ನನ್ನ ತಲೆ ಲಾ ಕಾಲೇಜುಗಳ ಪಾಲು. ಶಿವಶಂಕರ್ ಸಾರ್ ಬೆಳಿಗ್ಗೆಯೇ ಕರೆದು, "ಮಹಾನಂದಾ, ಈ ಸಲ ಲಾ ಟೇಬಲ್ ನಿಮ್ದೇ. ಲಾ ಓದಿರೋರು ನೀವೊಬ್ರೇ ತಾನೇ ನಮ್ಮ ಟೀಮಲ್ಲಿ" ಎಂದರು. ಐದು ವರ್ಷ ಲಾ ಓದಿದ್ದು ಇದೊಂದು ಉಪಯೋಗಕ್ಕೆ ಬಂತಲ್ಲ, ಪುಣ್ಯ.

ನಮ್ಮ ಕಂಪನಿಯ ಕೆಲಸ ಇಷ್ಟೇ. ಯಾವ ಕಾಲೇಜು ಮೇಲು, ಯಾವುದು ಕೆಳಗೆ ಎಂದು ಪಟ್ಟಿ ಮಾಡಿ ವೆಬ್‌ಸೈಟಿಗೆ ಹಾಕುವುದು. ಮಕ್ಕಳು, ಅವರ ಅಪ್ಪ ಅಮ್ಮ ಅದನ್ನು ನೋಡಿ ಸೀಟು ಹಿಡಿಯುತ್ತಾರೆ. ಈ ವರ್ಷ ಲಾ ಕಾಲೇಜುಗಳನ್ನು ಒಂದೇ ಅಳತೆಯಲ್ಲಿ ಅಳೆಯಬೇಕಂತೆ: ಕಳೆದ ಮೂರು ಬ್ಯಾಚುಗಳಲ್ಲಿ ಎಷ್ಟು ಜನ ದೊಡ್ಡ ಲಾ ಫರ್ಮುಗಳಿಗೆ ಸೇರಿದರು. ದೊಡ್ಡದು ಅಂದರೆ ನೂರಕ್ಕಿಂತ ಹೆಚ್ಚು ವಕೀಲರಿರುವುದು. ನೂರೊಂದು ಜನರಿದ್ದರೆ ದೊಡ್ಡದು, ತೊಂಬತ್ತೊಂಬತ್ತಿದ್ದರೆ ಲೆಕ್ಕಕ್ಕಿಲ್ಲ.

"ಕೋರ್ಟಿಗೆ ಹೋಗೋರು, ಸಾರ್?" ಎಂದು ಕೇಳಿದೆ.

"ಅದಕ್ಕೆ ಕಾಲಂ ಇಲ್ಲ."

ಇಪ್ಪತ್ತೆರಡು ಕಾಲೇಜುಗಳಿವೆ. ಅದರಲ್ಲೊಂದು ನಾನು ಓದಿದ್ದು. ಅದರ ಹೆಸರನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಹೊಸಕೋಟೆ ರಸ್ತೆಯಲ್ಲಿ ಮುಂಭಾಗವೆಲ್ಲ ಗಾಜು, ಹಿಂಭಾಗದಲ್ಲಿ ಶೌಚಾಲಯದ ಕಿಟಕಿಗೆ ರಟ್ಟು. ನಾವು ಅದನ್ನು ಗಾಜಿನ ಕಾಲೇಜು ಎಂದೇ ಕರೆಯುತ್ತಿದ್ದೆವು. ಕುಂದಲಹಳ್ಳಿ ಗೇಟಿನ ಹತ್ತಿರ ಅವರದೊಂದು ಫ್ಲೆಕ್ಸು ನಿಂತಿದೆ: ದೊಡ್ಡ ಫರ್ಮುಗಳಲ್ಲಿ ನಮ್ಮ ನಲವತ್ತೇಳು ಪದವೀಧರರು. ದಿನಾ ಅದರ ಕೆಳಗೇ ನಡೆದು ಮೆಟ್ರೋ ಹಿಡಿಯುತ್ತೇನೆ, ತಲೆ ಎತ್ತುವುದಿಲ್ಲ.

ಜೂನ್ 4, ಬುಧವಾರ

ಕೆಲಸ ಮುಗಿಸಿ ಬಂದರೆ ಮೆಟ್ಟಿಲ ಮೇಲೆ ಓನರ್ ಲಕ್ಷ್ಮಯ್ಯನವರು ಕಾದು ಕೂತಿದ್ದರು. ಇವರು ಕಾಯುತ್ತಿದ್ದಾರೆ ಅಂದರೆ ಒಂದೋ ನೀರಿನ ಮೋಟರು, ಇಲ್ಲವೇ ನನ್ನ ಗುಟ್ಟು.

ನಾನು ಈ ಮನೆ ನೋಡಲು ಬಂದಾಗ ಅವರು ಜಾತಿ ಕೇಳಲಿಲ್ಲ, ಮಾಂಸ ತಿನ್ನುತ್ತೀರಾ ಎಂದೂ ಕೇಳಲಿಲ್ಲ. ಕೇಳಿದ್ದು ಒಂದೇ. "ಲಾಯರ್ ಅಲ್ವಲ್ಲ ಮೇಡಂ?" ಹಿಂದೊಮ್ಮೆ ಕೆಳಗಿನ ಮನೆಗೆ ಬಂದ ಲಾಯರೊಬ್ಬ ಆರು ವರ್ಷ ಅಲ್ಲಾಡಲಿಲ್ಲವಂತೆ. ಕೇಸು ಹಾಕಿ, ಅಲೆದು, ಕೊನೆಗೆ ಬಿಡಿಸಿಕೊಂಡರು. ಅವತ್ತಿನಿಂದ ಲಾಯರಿಗೂ ಪೊಲೀಸಿನವರಿಗೂ ಈ ಮನೆಯ ಬಾಗಿಲು ಮುಚ್ಚಿದೆ. ಆ ಹೊತ್ತಿಗೆ ನಾನು ಕೆಲವೇ ತಿಂಗಳಲ್ಲಿ ಮೂರು ಮನೆ ಬದಲಿಸಿ ಸುಸ್ತಾಗಿದ್ದೆ. "ಇಲ್ಲ, ಕಂಪ್ಯೂಟರ್ ಕೆಲಸ" ಎಂದುಬಿಟ್ಟೆ. ಸುಳ್ಳೇನಲ್ಲ. ಲಾ ಓದಿದ್ದೇನೆಯೇ ಹೊರತು ವಕೀಲಿ ಸನ್ನದು ತೆಗೆದುಕೊಂಡಿಲ್ಲ. ಹೀಗಾಗಿ ಮುದ್ದೇಬಿಹಾಳದಲ್ಲಿ ಅವ್ವನಿಗೆ ನಾನು ವಕೀಲೆ, ಕುಂದಲಹಳ್ಳಿಯಲ್ಲಿ ಲಕ್ಷ್ಮಯ್ಯನವರಿಗೆ ಕಂಪ್ಯೂಟರಿನವಳು. ಎರಡು ಕಡೆಯೂ ಬಾಯಿ ಬಿಗಿಹಿಡಿದು ಬದುಕಬೇಕು.

ಇವತ್ತು ಅವರು ಕಾದಿದ್ದು ಮಗಳ ವಿಷಯಕ್ಕೆ. ದಿವ್ಯಾಳಿಗೆ ಲಾ ಸೀಟು ಎರಡು ಕಡೆ ಸಿಕ್ಕಿದೆ. ಒಂದು ಊರೊಳಗೆ ಕೋರ್ಟಿನ ಹತ್ತಿರದ ಹಳೇ ಕಾಲೇಜು. ಇನ್ನೊಂದು ಗಾಜಿನ ಕಾಲೇಜು. ಇಪ್ಪತ್ತಮೂರರೊಳಗೆ ಒಂದನ್ನು ಗಟ್ಟಿ ಮಾಡಬೇಕು.

"ಲಾಯರ್‌ಗೆ ಮನೆ ಕೊಡಲ್ಲ ಅಂತೀರಿ, ಮಗಳನ್ನ ಲಾಯರ್ ಮಾಡ್ತೀರಾ?" ಎಂದೆ.

"ಅದ್ಕೇ ಮೇಡಂ. ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು. ನಮ್ಮನೇಲೇ ಒಂದ್ ಲಾಯರ್ ಇದ್ದಿದ್ರೆ ಅವನು ಆರ್ ವರ್ಸ ಕೂತಿರ್ತಿದ್ನಾ? ನೀವು ಕಾಲೇಜ್ ಲಿಸ್ಟ್ ಮಾಡ್ತೀರಂತಲ್ಲ, ಯಾವ್ದು ಫಸ್ಟ್ ಬತ್ತದೆ ಏಳಿ. ಅಲ್ಲೇ ಸೇರಿಸ್ಬಿಡ್ತೀನಿ."

"ಲಿಸ್ಟ್ ಬರಲಿ, ನೋಡೋಣ" ಎಂದು ಮೇಲೆ ಬಂದೆ. ಯಾವ ಕಾಲೇಜಿಗಾದರೂ ಸೇರಿಕೊಳ್ಳಲಿ, ನನಗೇನು. ನನಗೆ ಯಾರು ಹೇಳಿದ್ದರು?

ಜೂನ್ 6, ಶುಕ್ರವಾರ

ಎರಡು ದಿನದಿಂದ ಗಾಜಿನ ಕಾಲೇಜಿನ ಪಟ್ಟಿ ಹಿಡಿದು ಕೂತಿದ್ದೇನೆ. ನಲವತ್ತೇಳು ಹೆಸರು ಕೊಟ್ಟಿದ್ದಾರೆ. ಇಪ್ಪತ್ತೊಂಬತ್ತು ಹೋದ ವರ್ಷವೇ ಖಚಿತವಾದವಂತೆ, ಆ ಸಾಲುಗಳನ್ನು ನಮ್ಮ ಆಫೀಸಿನ ಶೀಟಿನಲ್ಲಿ ಮಡಿಚಿ ಅಡಗಿಸಿಟ್ಟಿದ್ದಾರೆ. ಉಳಿದ ಹದಿನೆಂಟು ಜನರಿಗೆ ಫೋನ್ ಮಾಡಿ, ನಿಜವಾಗಿ ಅಲ್ಲಿ ಕೆಲಸ ಮಾಡುತ್ತಿದ್ದಾರಾ ಎಂದು ಕೇಳುವುದು ನನ್ನ ಕೆಲಸ.

ಹದಿನೆಂಟರಲ್ಲಿ ಎತ್ತಿದ್ದು ಮೂವರು. ಒಬ್ಬ ರಾಂಗ್ ನಂಬರ್. ಒಬ್ಬಳು "ಲೋನ್ ಬೇಡ" ಎಂದು ಇಟ್ಟಳು. ಇನ್ನೊಬ್ಬ ನನ್ನ ಮಾತು ಮುಗಿಯುವ ಮೊದಲೇ "ಸೈಟ್ ಎಲ್ಲಿ ಬರತ್ತೆ?" ಎಂದ. ಬೆಂಗಳೂರಿನಲ್ಲಿ ಗೊತ್ತಿಲ್ಲದ ನಂಬರನ್ನು ಯಾರು ಎತ್ತುತ್ತಾರೆ? ನಾನೇ ಎತ್ತುವುದಿಲ್ಲ.

ಶಿವಶಂಕರ್ ಸಾರ್ ಹತ್ತಿರ ಹೋಗಿ ಇವರನ್ನೆಲ್ಲ ಏನು ಮಾಡಲಿ ಎಂದು ಕೇಳಿದೆ. "ಮೂರು ದಿನ, ದಿನಕ್ಕೊಂದು ಕಾಲ್. ಎತ್ತಲಿಲ್ಲ ಅಂದ್ರೆ ಹಸಿರು ಹಾಕಿ."

"ಹಸಿರು ಅಂದ್ರೆ ಖಚಿತ ಅಂತ ಅಲ್ವಾ ಸಾರ್? ಎತ್ತದಿದ್ರೆ ಕೆಂಪು ಹಾಕ್ಬೇಕಲ್ವಾ?"

"ಸುಳ್ಳಾಗಿದ್ರೆ ಎತ್ತಿ ಬೈತಾ ಇದ್ರು ತಾನೇ? ಮೌನಂ ಸಮ್ಮತಿ ಲಕ್ಷಣಂ ಅಂತ ಕೇಳಿಲ್ವಾ?" ಎಂದು ತಮ್ಮ ಜಾಣತನಕ್ಕೆ ತಾವೇ ನಕ್ಕರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ ಇದು. ಸಂಬಳ ಕೊಡುವವರು, ಏನು ಹೇಳಲಿ.

ಜೂನ್ 9, ಸೋಮವಾರ

ಹಳೇ ಕಾಲೇಜಿನ ಪಟ್ಟಿ ಬಂತು. ಹಳದಿಯಾದ ಲೆಟರ್‌ಹೆಡ್ಡಿನಲ್ಲಿ ಟೈಪು ಮಾಡಿ, ಸೀಲು ಹೊಡೆದು, ಸ್ಕ್ಯಾನ್ ಮಾಡಿ ಕಳಿಸಿದ್ದಾರೆ. ದೊಡ್ಡ ಫರ್ಮುಗಳಲ್ಲಿ: ಮೂರು ಜನ. ನ್ಯಾಯಾಲಯಗಳಲ್ಲಿ: ನೂರಾ ಹದಿನಾಲ್ಕು. ಕೇಳದಿದ್ದರೂ ಬರೆದಿದ್ದಾರೆ. ನಮ್ಮ ಟೇಬಲ್ಲಿನಲ್ಲಿ ಅವರದು ಮೂರು, ಅಷ್ಟೇ.

ಆ ನೂರಾ ಹದಿನಾಲ್ಕರಲ್ಲಿ ಮಾಲಾಳ ಹೆಸರೂ ಇತ್ತು. ಮಾರತಹಳ್ಳಿಯ ಪಿಜಿಯಲ್ಲಿ ಎರಡು ವರ್ಷ ನನ್ನ ರೂಮಿನಲ್ಲಿದ್ದವಳು. ಸಂಜೆ ಅವಳೇ ಫೋನ್ ಮಾಡಿದಾಗ ಬಾಯಿ ತಪ್ಪಿ ಹೇಳಿಬಿಟ್ಟೆ.

"ನಮ್ ಕಾಲೇಜಿಗೆ ಎಷ್ಟೇ ಹಾಕ್ದೆ?"

"ಮೂರು."

"ಮತ್ತೆ ನಾನು?"

"ನಿಂಗೆ ಕಾಲಂ ಇಲ್ಲ ಕಣೇ."

ನಕ್ಕಳು. ಸ್ವಲ್ಪ ಹೆಚ್ಚೇ ನಕ್ಕಳು. "ಇವತ್ತು ಬೆಳಿಗ್ಗೆ ಲೇಬರ್ ಕೋರ್ಟಲ್ಲಿ, ಪೀಣ್ಯದ ಹನ್ನೊಂದು ಜನ ಹೆಂಗಸರನ್ನ ವಾಪಸ್ ಕೆಲಸಕ್ಕೆ ತಗೋಬೇಕು ಅಂತ ಆರ್ಡರ್ ಆಯ್ತು. ಸೀನಿಯರ್ ಬಂದಿರ್ಲಿಲ್ಲ, ನಾನೇ ನಿಂತ್ಕೊಂಡಿದ್ದೆ. ಆ ಹೆಂಗಸ್ರು ದಾಸರಹಳ್ಳೀಲಿ ನನ್ನ ಕೂರಿಸ್ಕೊಂಡು ರೊಟ್ಟಿ ತಿನ್ನಿಸಿ ಕಳಿಸಿದ್ರು. ಸೊನ್ನೆ ಅಂತ ಬರ್ಕೋ."

ನಾನು ರೂಲ್ಸು ಮಾಡಿದವಳಲ್ಲ ಎಂದೆ. ಅವಳು ಎತ್ತದಿದ್ದವರಿಗೆ ಹಸಿರು ಹಾಕುವ ಕಥೆಯನ್ನೂ ಕೇಳಿದಳು. "ಹಾಗಾದ್ರೆ ಹೋದ ವರ್ಷ ಹಸಿರಾದ ಇಪ್ಪತ್ತೊಂಬತ್ತು ಜನಾನ ಯಾರು ಕೇಳಿದ್ರು?" ಎಂದಳು. ಆಮೇಲೆ ಯಥಾಪ್ರಕಾರ, "ನಿನ್ನ ಸನ್ನದು ಏನಾಯ್ತು?" ಎಲ್ಲಿಂದ ಎಲ್ಲಿಗೋ ಹೋಗಿ ಅಲ್ಲಿಗೇ ಬರುತ್ತಾಳೆ. ಒಲೆಯ ಮೇಲೆ ಅನ್ನವಿದೆ ಎಂದು ಇಟ್ಟುಬಿಟ್ಟೆ. ಅನ್ನ ಇಟ್ಟಿರಲಿಲ್ಲ.

ಜೂನ್ 12, ಗುರುವಾರ

ಮಡಿಚಿದ್ದ ಸಾಲುಗಳನ್ನು ಬಿಡಿಸಿದೆ. ಬಿಡಿಸಬಾರದಿತ್ತು.

ಇಪ್ಪತ್ತೊಂಬತ್ತರಲ್ಲಿ ಹತ್ತೊಂಬತ್ತನೆಯದು ನನ್ನ ಹೆಸರು. ಇನಿಷಿಯಲ್ಲು ಸಮೇತ. ಮುಂದೆ ಒಂದು ದೊಡ್ಡ ಲಾ ಫರ್ಮಿನ ಹೆಸರು. ಅದರ ಮುಂದೆ ಹಸಿರು.

ಆ ಫರ್ಮಿಗೂ ನನಗೂ ಇದ್ದ ಸಂಬಂಧ ಇಷ್ಟು. ಪಾಸಾದ ವರ್ಷ ಒಂದು ಏಜೆನ್ಸಿ ನಮ್ಮಂಥ ನಲವತ್ತು ಜನರನ್ನು ಮೂರು ತಿಂಗಳಿಗೆ ತೆಗೆದುಕೊಂಡಿತು. ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ನೆಲಮಾಳಿಗೆ. ಯಾವುದೋ ದೇಶದ ಎರಡು ಕಂಪನಿಗಳ ಜಗಳ. ಅವರ ಈಮೇಲುಗಳನ್ನು ಓದಿ, ಬೇಕಾದದ್ದಕ್ಕೆ ಒಂದು ಗುರುತು, ಬೇಡದ್ದಕ್ಕೆ ಇನ್ನೊಂದು. ಕೇಸು ಆ ಫರ್ಮಿನದು. ನಾವು ಏಜೆನ್ಸಿಯವರು. ಕುತ್ತಿಗೆಯಲ್ಲಿದ್ದ ಕಾರ್ಡಿನ ಮೇಲೆ ವಿಸಿಟರ್ ಎಂದಿತ್ತು. ಆ ಎರಡು ಕಂಪನಿಗಳು ರಾಜಿಯಾದವು. ಒಂದು ಗುರುವಾರ ಬೆಳಿಗ್ಗೆ ಕಾರ್ಡು ಒತ್ತಿದರೆ ಗೇಟು ತೆರೆಯಲಿಲ್ಲ. ಸೆಕ್ಯುರಿಟಿಯವರು ಒಂದು ಚೀಟಿ ನೋಡಿ, "ನಿಮ್ದು ಮುಗೀತಂತೆ ಮೇಡಂ" ಎಂದರು.

ಶೀಟಿನಲ್ಲಿ ಹೋದ ವರ್ಷದ ಕರೆಗಳ ವಿವರವೂ ಇದೆ. ಜೂನ್ ಹನ್ನೊಂದು, ಹನ್ನೆರಡು, ಹದಿಮೂರು. ಮೂರೂ ದಿನ ಎತ್ತಿಲ್ಲ. ಖಚಿತ.

ಆ ದಿನಗಳು ಚೆನ್ನಾಗಿ ನೆನಪಿವೆ. ಪಿಜಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಫೋನು ದಿಂಬಿನ ಅಡಿಯಲ್ಲಿ ಗುಂಯ್ ಎನ್ನುತ್ತಿತ್ತು. ಕಾಲೇಜಿನವರಿರಬಹುದು, ಏನು ಮಾಡುತ್ತಿದ್ದೀ ಎಂದು ಕೇಳುತ್ತಾರೆ ಎಂದು ಹೆದರಿ ಎತ್ತಲಿಲ್ಲ. ಎತ್ತಿ "ಏನೂ ಮಾಡುತ್ತಿಲ್ಲ" ಎಂದಿದ್ದರೆ ಸಾಕಾಗಿತ್ತು. ಫ್ಲೆಕ್ಸಿನ ಮೇಲೆ ನಲವತ್ತಾರು ಇರುತ್ತಿತ್ತು.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೋ ತಿಳಿಯುತ್ತಿಲ್ಲ. ಕಾಲೇಜಿನ ಮೇಲೆ ಮಾಡಿಕೊಂಡೆ, ಕರೆ ಮಾಡಿದ ಪುಣ್ಯಾತ್ಮನ ಮೇಲೆ ಮಾಡಿಕೊಂಡೆ, ಇನ್ನೂ ಉಳಿದಿದೆ.

ಜೂನ್ 13, ಶುಕ್ರವಾರ

ಹೋದೆ. ಬಂದೆ. ಅವ್ವ ಫೋನ್ ಮಾಡಿ, "ಇವತ್ತ ಕೋರ್ಟಿಗಿ ಹೋಗಿದ್ದೇನವಾ?" ಎಂದಳು. ಹೂಂ ಅಂದೆ.

ಜೂನ್ 16, ಸೋಮವಾರ

ಶನಿವಾರ, ಭಾನುವಾರ, ಇವತ್ತು, ಮೂರು ದಿನವೂ ಫೋನೇ ಫೋನು. ಕಂಪನಿ ನಂಬರನ್ನು ಬಿಟ್ಟು ನನ್ನದರಿಂದ ಮೊದಲು ಮೆಸೇಜು ಹಾಕಿದೆ. "ನಾನು ಮಹಾನಂದಾ, ಗಾಜಿನ ಕಾಲೇಜು. ನಿಮ್ಮ ಹೆಸರು ಪಟ್ಟಿಯಲ್ಲಿದೆ. ನನ್ನದೂ ಇದೆ. ನನ್ನದು ಸುಳ್ಳು." ನಲವತ್ತಾರು ಜನರಿಗೂ ಅದನ್ನೇ ಕಳಿಸಿದೆ. ಒಂಬತ್ತು ಜನ ತಾವಾಗಿಯೇ ಫೋನ್ ಮಾಡಿದರು.

ಇಬ್ಬರು ನಿಜವಾಗಿ ದೊಡ್ಡ ಫರ್ಮಿನಲ್ಲಿದ್ದಾರೆ. ಅವರಲ್ಲೊಬ್ಬ ಸೇರಿದ್ದು ಚಿಕ್ಕಪ್ಪನ ಮೂಲಕ, ಕಾಲೇಜಿಗೂ ಅದಕ್ಕೂ ಸಂಬಂಧವಿಲ್ಲ, ಅದನ್ನೂ ಬರೆದುಕೋ ಎಂದ. ಉಳಿದ ಏಳು ಜನರಲ್ಲಿ ನಾಲ್ವರು ನನ್ನ ಹಾಗೆ ನೆಲಮಾಳಿಗೆಯವರು. ಒಬ್ಬಳು ಟ್ಯೂಷನ್ ಹೇಳುತ್ತಿದ್ದಾಳೆ. ಒಬ್ಬ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಇದ್ದಾನೆ. ಬಿಂದುಶ್ರೀ ಎನ್ನುವವಳು ಒಂದು ಫರ್ಮಿಗೆ ಇಂಟರ್‌ವ್ಯೂಗೆ ಮಾತ್ರ ಹೋಗಿದ್ದಳಂತೆ. ಹೋಗಿ ಬಂದದ್ದನ್ನೇ ಸೇರಿದ್ದು ಎಂದು ಹಾಕಿದ್ದಾರೆ. "ಅಕ್ಕ, ಇಷ್ಟು ದಿನ ಇದನ್ನ ಯಾರೂ ಕೇಳೇ ಇರ್ಲಿಲ್ಲ" ಎಂದು ಅತ್ತಳು. ಅಳಬೇಡ, ತಾರೀಕು ಹೇಳು ಎಂದೆ. ಅಷ್ಟು ಒರಟಾಗಿ ಹೇಳಬಾರದಿತ್ತೇನೋ.

ಒಬ್ಬೊಬ್ಬರು ಹೇಳಿದ್ದನ್ನೂ ತಾರೀಕು, ಹೊತ್ತು ಹಾಕಿ ಬರೆದು, ಅವರಿಗೇ ಓದಿ ಹೇಳಿ, "ಇದು ಸರಿಯಿದೆ" ಎಂದು ಮೆಸೇಜು ಹಾಕಿಸಿಕೊಂಡೆ. ಇಲ್ಲದಿದ್ದರೆ ನಾಳೆ ಹಾಗೆ ಹೇಳಿಯೇ ಇಲ್ಲ ಎನ್ನುತ್ತಾರೆ. ಚಿಕ್ಕಪ್ಪ, ಸ್ನೇಹಿತೆ ಹೇಳಿದ ಸುದ್ದಿಯನ್ನೆಲ್ಲ ಕೈಬಿಟ್ಟೆ. ತಾನೇ ಕಂಡದ್ದು, ತಾನೇ ಮಾಡಿದ್ದು ಮಾತ್ರ. ಸುಮ್ಮನೆ ಕೆಲಸ ಹೆಚ್ಚು ಮಾಡಿಕೊಳ್ಳುವ ಚಾಳಿ ನನಗೆ.

ನಿನ್ನೆ ಟೆರೇಸಿನಲ್ಲಿ ನಾನು ಮಾತಾಡುತ್ತಿದ್ದಾಗ ದಿವ್ಯಾ ಬಟ್ಟೆ ಒಣಹಾಕಲು ಬಂದಿದ್ದಳು. ಒಂದು ಬಕೆಟ್ಟು ಬಟ್ಟೆ ಹರವಲು ಮುಕ್ಕಾಲು ಗಂಟೆ ತೆಗೆದುಕೊಂಡಳು. ಈ ಹುಡುಗಿ ಹನ್ನೊಂದನೆಯ ವಯಸ್ಸಿನಿಂದಲೇ ಅಪ್ಪನ ಜೊತೆ ಕೇಸಿನ ಫೈಲು ಹೊತ್ತು ಕೋರ್ಟಿಗೆ ಹೋಗುತ್ತಿದ್ದಳಂತೆ. "ನಂಗೆ ಹಳೇ ಕಾಲೇಜೇ ಇಷ್ಟ ಅಕ್ಕ. ಕ್ಲಾಸ್ ಮುಗಿಸಿ ಕೋರ್ಟಲ್ಲಿ ಕೂತ್ಕೋಬಹುದು. ಅಪ್ಪ ನಂಬರ್ ನೋಡ್ತಾರೆ" ಎಂದಳು. ನಾನು ಖಾಲಿ ಬಕೆಟ್ಟು ಎತ್ತಿ ಅವಳ ಕೈಗೆ ಕೊಟ್ಟೆ. ಬಾಯಿ ಬಿಟ್ಟರೆ ಎಲ್ಲ ಹೇಳಬೇಕಾಗುತ್ತದೆ.

ಜೂನ್ 18, ಬುಧವಾರ

ಗಾಜಿನ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರ್ ಗುರುರಾಜ್ ಅವರ ಫೋನು. ಯಾರೋ ನನ್ನ ಮೆಸೇಜನ್ನು ಅವರಿಗೆ ಮುಟ್ಟಿಸಿದ್ದಾರೆ. ಓದುವಾಗ ನನ್ನ ಹೆಸರು ಕೂಡ ಗೊತ್ತಿರದಿದ್ದವರು ಇವತ್ತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು.

"ಏನಮ್ಮಾ, ನಮ್ ಹುಡುಗೀನೇ ನಮ್ ಕಾಲೇಜಿನ ಹೆಸರು ಕೆಡಿಸಿದ್ರೆ ಹೇಗೆ? ಮೂರು ತಿಂಗಳಾದ್ರೂ ಅದು ಆ ಫರ್ಮಿನ ಕೆಲಸಾನೇ ಅಲ್ವಾ?"

"ನೇಮಕಾತಿ ಪತ್ರ ಯಾರು ಕೊಟ್ಟಿದ್ರು ಸಾರ್?"

"ಅದೆಲ್ಲ ಈಗ..."

"ಫರ್ಮಿನವರು ಕೊಟ್ಟಿದ್ದಾ, ಏಜೆನ್ಸಿಯವರು ಕೊಟ್ಟಿದ್ದಾ? ನೀವು ನೋಡಿದ್ದೀರಾ? ನೋಡಿಲ್ಲ ಅಂದ್ರೆ ಯಾವ ಆಧಾರದ ಮೇಲೆ ನನ್ನ ಹೆಸರು ಹಾಕಿದ್ರಿ? ಬಿಂದುಶ್ರೀ ಯಾವ ತಾರೀಕು ಸೇರಿದ್ಳು?"

ಅವರ ದನಿ ಬದಲಾಯಿತು. "ನಾನೇನು ಸುಳ್ಳು ಹೇಳ್ದೆ ಅಂತೀರಾ?" ಎಂದರು. ನಾನು ಹಾಗೆ ಹೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡುತ್ತೇನೆ ಎಂದು ಇಟ್ಟರು. ಮಾತಾಡಲಿ. ನನಗೆ ಹಸಿವಾಗಿತ್ತು, ಎರಡು ಪ್ಲೇಟು ಚಿತ್ರಾನ್ನ ತಿಂದೆ.

ಜೂನ್ 20, ಶುಕ್ರವಾರ

ಬೆಳಿಗ್ಗೆ ಒಂಬತ್ತೂವರೆಗೇ ಶಿವಶಂಕರ್ ಸಾರ್ ಮುಂದೆ ಫೈಲು ಇಟ್ಟೆ. ಒಂಬತ್ತು ಹೇಳಿಕೆ, ಪುಟಕ್ಕೆ ನಂಬರು, ಮೇಲೊಂದು ಸೂಚಿ. ಹತ್ತನೆಯದು ನನ್ನದು. ಅವರು ಪುಟ ತಿರುಗಿಸಿ ತಿರುಗಿಸಿ ನೋಡಿದರು. ಕೆಟ್ಟವರಲ್ಲ. ಅವರಿಗೆ ಸಂಜೆ ಐದಕ್ಕೆ ಟೇಬಲ್ಲು ಹೋಗಬೇಕು, ಅಷ್ಟೇ. ನಮ್ಮ ಸೈಟಿನ ನೆತ್ತಿಯ ಮೇಲೆ ಗಾಜಿನ ಕಾಲೇಜಿನ ಜಾಹೀರಾತು ಕೂತಿದೆ ಎಂಬುದೂ ಅವರಿಗೆ ಗೊತ್ತು, ನನಗೂ ಗೊತ್ತು.

"ನಿಮ್ಮ ಹೆಸರು ತೆಗೀತೀನಿ" ಎಂದರು. "ನೀವು ಆಕ್ಷೇಪ ಮಾಡಿದೀರಿ."

"ಮಿಕ್ಕ ಏಳು ಜನಾನೂ ಮಾಡಿದಾರೆ ಸಾರ್."

"ಅವರು ಹೇಳಿರೋದು ನಿಮ್ಮ ಸ್ವಂತ ನಂಬರಿಗೆ. ಪ್ರೊಸೀಜರ್ ಪ್ರಕಾರ ಕಂಪನಿ ನಂಬರಿಂದ ಹೋಗಿರೋ ಕಾಲ್‌ಗಳನ್ನ ಅವರು ಎತ್ತಿಲ್ಲ. ಎತ್ತಿಲ್ಲ ಅಂದ್ಮೇಲೆ ಹಸಿರು."

ಹಣೆ ಚಚ್ಚಿಕೊಳ್ಳೋಣವೆಂದರೆ ಗೋಡೆಯೂ ಗಾಜಿನದು. "ಹಾಗಾದ್ರೆ ನನ್ನ ಆಕ್ಷೇಪಾನ ಬರಹದಲ್ಲಿ ತಗೊಂಡು, ತಗೊಂಡಿದೀನಿ ಅಂತ ಒಂದು ಸಹಿ ಹಾಕಿಕೊಡಿ" ಎಂದೆ. ಅವರು ನನ್ನ ಮುಖ ನೋಡಿದರು. ಹಾಕಿಕೊಟ್ಟರು.

ಐದು ಗಂಟೆಗೆ ಟೇಬಲ್ಲು ಹೋಯಿತು. ಮೊದಲನೆಯ ಸ್ಥಾನ ಗಾಜಿನ ಕಾಲೇಜು, ನಲವತ್ತಾರು. ಹಳೇ ಕಾಲೇಜು ಹತ್ತೊಂಬತ್ತನೆಯದು, ಮೂರು. ಮೂರು ವಾರದ ದುಡಿಮೆಯಿಂದ ಈ ಜಗತ್ತಿನಲ್ಲಿ ಬದಲಾದದ್ದು ಒಂದು ಅಂಕಿ.

ಜೂನ್ 22, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಬಾಗಿಲು ಬಡಿದರು. ಲಕ್ಷ್ಮಯ್ಯನವರು ಇಸ್ತ್ರಿ ಮಾಡಿದ ಷರ್ಟು ಹಾಕಿ, ಒಂದು ಕೈಯಲ್ಲಿ ಮೈಸೂರುಪಾಕಿನ ಡಬ್ಬಿ, ಇನ್ನೊಂದರಲ್ಲಿ ನಮ್ಮ ಟೇಬಲ್ಲಿನ ಪ್ರಿಂಟು ಹಿಡಿದು ನಿಂತಿದ್ದರು. ಹಿಂದೆ ಮೆಟ್ಟಿಲ ಮೇಲೆ ದಿವ್ಯಾ, ಮುಖ ಗಂಟು ಹಾಕಿಕೊಂಡು.

"ಅವ್ರ ಫ್ಲೆಕ್ಸಲ್ಲಿ ನಲವತ್ತೇಳು ಐತೆ, ಇದ್ರಲ್ಲಿ ನಲವತ್ತಾರು. ಒಂದ್ ಕಮ್ಮಿ ಆಗೈತೆ. ಆದ್ರೂ ಫಸ್ಟೇ ಅಲ್ವಾ ಮೇಡಂ? ನಾಳೆ ಬೆಳಿಗ್ಗೆ ಓಗಿ ಸೀಟ್ ಗಟ್ಟಿ ಮಾಡ್ಬಿಡ್ತೀನಿ. ಬಾಯಿ ಸಿಹಿ ಮಾಡ್ಕಳಿ."

ನಾನು ಡಬ್ಬಿಗೆ ಕೈ ಹಾಕಿದ್ದೆ. ಒಂದು ತುಂಡು ಬಾಯಿಗೆ ಹಾಕಿಕೊ, ಒಳ್ಳೆಯದಾಗಲಿ ಎನ್ನು, ಬಾಗಿಲು ಹಾಕಿಕೊ ಎಂದು ಮನಸ್ಸು ಹೇಳುತ್ತಲೇ ಇತ್ತು. ದಿವ್ಯಾ ನನ್ನನ್ನೇ ನೋಡುತ್ತಿದ್ದಳು. ಐದು ವರ್ಷ. ರಟ್ಟು ಹೊಡೆದ ಕಿಟಕಿ. ಆಮೇಲೆ ನೆಲಮಾಳಿಗೆ.

"ಆ ಕಮ್ಮಿಯಾದ ಒಂದು ನಾನೇ ಲಕ್ಷ್ಮಯ್ಯನವ್ರೇ" ಎಂದೆ.

"ಅಂಗಂದ್ರೆ?"

ಹೇಳಿದೆ. ಕಾಲೇಜು, ಏಜೆನ್ಸಿ, ವಿಸಿಟರ್ ಕಾರ್ಡು, ದಿಂಬಿನ ಅಡಿಯ ಫೋನು, ಹಸಿರು, ಎಲ್ಲವನ್ನೂ ಹೇಳಿದೆ. ಫೈಲು ತಂದು ಒಂದೊಂದೇ ಪುಟ ತೋರಿಸಿದೆ. ಅವರು ಪುಟ ನೋಡಲಿಲ್ಲ. ಇಡೀ ಕಥೆಯಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡರು.

"ಲಾ ಓದಿದೀರಾ?"

"ಹೌದು."

"ಕಂಪ್ಯೂಟರ್ ಅಂದ್ರಲ್ಲ?"

"ಕಂಪ್ಯೂಟರ್ ಕೆಲಸಾನೇ ಮಾಡ್ತಿರೋದು. ಓದಿದ್ದು ಲಾ. ಆವತ್ತು ಹೇಳ್ಲಿಲ್ಲ, ಅದು ನನ್ನ ತಪ್ಪು."

ಅವರು ಮೈಸೂರುಪಾಕಿನ ಡಬ್ಬಿಯ ಮುಚ್ಚಳ ಹಾಕಿದರು. "ನಲವತ್ತಾರು ಜನ ಸೇರವ್ರಲ್ಲ. ನಿಮ್ಗೊಬ್ರಿಗೆ ಆಗ್ಲಿಲ್ಲ ಅಂದ್ರೆ ಕಾಲೇಜ್ ಏನ್ ಮಾಡತ್ತೆ?" ಎಂದರು. ಅದು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಎರಡು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದದ್ದೂ ಅದೇ ಮಾತು.

ಆಗ ದಿವ್ಯಾ ಮೇಲೆ ಬಂದಳು. "ಆ ನಲವತ್ತಾರರಲ್ಲಿ ಎಷ್ಟು ಜನ ನಿಮ್ಮ ಜೊತೆ ಮಾತಾಡಿದ್ರು ಅಕ್ಕ?"

"ಒಂಬತ್ತು."

"ನಿಜವಾಗ್ಲೂ ಫರ್ಮಲ್ಲಿ ಇರೋರು?"

"ಎರಡು."

"ಮಿಕ್ಕ ಮೂವತ್ತೇಳು?"

"ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಹೇಳ್ಬೇಕು. ಅವರು ಸುಳ್ಳು ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲ."

ಅವಳು ಅಪ್ಪನ ಕೈಯಿಂದ ಪ್ರಿಂಟು ತೆಗೆದುಕೊಂಡು ಪೆನ್ನಿನಲ್ಲಿ ನಲವತ್ತಾರನ್ನು ಹೊಡೆದು ಪಕ್ಕದಲ್ಲಿ ಎರಡು ಎಂದು ಬರೆದಳು. ಕೆಳಗೆ ಹಳೇ ಕಾಲೇಜಿನ ಮೂರಕ್ಕೆ ಒಂದು ಸುತ್ತು ಹಾಕಿದಳು. "ಮೂರು ಜಾಸ್ತಿ ಅಪ್ಪ" ಎಂದಳು. ಪ್ರಿಂಟು ವಾಪಸು ಕೊಟ್ಟಳು.

ಲಕ್ಷ್ಮಯ್ಯನವರಿಗೆ ಮಗಳ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ. ಅದು ನನ್ನ ಕಡೆ ತಿರುಗಿತು. "ಮನೆ ಖಾಲಿ ಮಾಡಿ ಮೇಡಂ. ನಾಳೇನೇ."

"ನಾಳೆ ಆಗಲ್ಲ. ಕರಾರಿನಲ್ಲಿ ಒಂದು ತಿಂಗಳ ನೋಟೀಸ್ ಅಂತ ಇದೆ. ಅದೂ ಬರಹದಲ್ಲಿ."

"ನೋಡ್ದೇನಮ್ಮಾ ದಿವ್ಯಾ, ನೋಡ್ದಾ? ಬಾಯ್ ಬಿಟ್ರೆ ಲಾಯರ್ರೇ" ಎನ್ನುತ್ತ ದಡದಡ ಇಳಿದು ಹೋದರು.

ನಾನೇನು ತಪ್ಪು ಹೇಳಿದೆ? ಕರಾರಿನಲ್ಲಿ ಇದ್ದದ್ದನ್ನೇ ಹೇಳಿದೆ. ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿ, ನಾನು ಕೋರ್ಟಿಗೆ ಹೋಗುವುದಿಲ್ಲ, ಇಲ್ಲಿಯವರೆಗೂ ಹೋಗೇ ಇಲ್ಲ ಎಂದೆ. "ಮತ್ತ ಮೊನ್ನೆ ಹೂಂ ಅಂದ್ಯಲ್ಲವಾ" ಎಂದಳು. ಆಮೇಲೆ, "ಊಟ ಮಾಡಿಯಿಲ್ಲೋ?" ಎಂದಳು.

ಜೂನ್ 23, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಲಕ್ಷ್ಮಯ್ಯನವರ ಬೈಕು ಹೊರಟಿತು, ಹಿಂದೆ ದಿವ್ಯಾ, ತೊಡೆಯ ಮೇಲೆ ಸರ್ಟಿಫಿಕೇಟುಗಳ ಕವರು. ಬಾಲ್ಕನಿಯಿಂದ ನೋಡಿದೆ. ಯಾವ ಕಡೆಗೆ ತಿರುಗಿದರು ಎಂದು ಕಾಣಲಿಲ್ಲ, ನೀರಿನ ಟ್ಯಾಂಕರು ಅಡ್ಡ ನಿಂತಿತ್ತು. ಸಂಜೆ ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೂನ್ 26, ಗುರುವಾರ

ಮಾಲಾಳ ಕಾಟ ತಡೆಯಲಾರದೆ ಅರ್ಧ ದಿನ ರಜೆ ಹಾಕಿ ಹೋಗಿ ಸನ್ನದಿನ ಅರ್ಜಿ ತುಂಬಿಕೊಟ್ಟು ಬಂದೆ. ನಾಲ್ಕು ಕಡೆ ಸಾಲು ನಿಲ್ಲಿಸಿದರು. ಮನೆ ಹುಡುಕುವುದರ ನಡುವೆ ಇದೊಂದು.

ಜೂನ್ 28, ಶನಿವಾರ

ಹೂಡಿಯಲ್ಲಿ ಒಂದು ಮನೆ ನೋಡಿದೆ. ಗಾಳಿ ಬೆಳಕು ಚೆನ್ನಾಗಿತ್ತು, ಓನರ್ ಕೂಡ ಸೌಮ್ಯವಾಗಿದ್ದರು. ಕೀ ಕೊಡುವ ಹೊತ್ತಿಗೆ "ಏನ್ ಓದಿರೋದು ಮೇಡಂ?" ಎಂದರು. "ಲಾ" ಎಂದೆ. ಮನೆ ಆಗಲೇ ಬೇರೆಯವರಿಗೆ ಕೊಟ್ಟಾಗಿದೆಯಂತೆ. ಐದು ನಿಮಿಷದ ಹಿಂದೆ ಕೊಟ್ಟಿರಲಿಲ್ಲ. ಕಂಪ್ಯೂಟರ್ ಎನ್ನಬಹುದಿತ್ತು. ಯಾಕೆ ಅನ್ನಲಿಲ್ಲವೋ, ನನ್ನ ಬಾಯಿಗೆ ಏನಾಗಿದೆಯೋ.

ಜುಲೈ 1, ಮಂಗಳವಾರ

ಸಂಜೆ ದಿವ್ಯಾ ಒಂದು ಹಾಳೆ ಹಿಡಿದು ಬಂದಳು. "ಅಪ್ಪ ಕೊಡು ಅಂದ್ರು" ಎಂದು ನೆಲ ನೋಡುತ್ತ ಕೊಟ್ಟಳು. ನೋಟೀಸು. ಅಕ್ಷರ ಅವಳದೇ, ಕೆಳಗೆ ಲಕ್ಷ್ಮಯ್ಯನವರ ಸಹಿ.

"ಯಾವ ಕಾಲೇಜು?" ಎಂದು ಮೊದಲು ಅದನ್ನೇ ಕೇಳಿದೆ.

"ಹಳೇದು ಅಕ್ಕ. ದಾರೀಲಿ ಕೆ.ಆರ್. ಪುರದ ಹತ್ರ ಬೈಕ್ ನಿಲ್ಲಿಸ್ಕೊಂಡು ಹತ್ತು ನಿಮಿಷ ನಿಂತಿದ್ರು. ಆಮೇಲೆ ಊರ್ ಕಡೆ ತಿರುಗಿಸಿದ್ರು. ನನ್ನ ಹತ್ರ ಇನ್ನೂ ಸರಿಯಾಗಿ ಮಾತಾಡ್ತಿಲ್ಲ."

ನೋಟೀಸು ಓದಿದೆ. ತಾರೀಕಿಲ್ಲ. ಎಷ್ಟನೆಯ ಮಹಡಿ ಎಂದಿಲ್ಲ. ಯಾವ ದಿನದೊಳಗೆ ಬಿಡಬೇಕು ಎಂದಿಲ್ಲ. "ನೀವು ಲಾಯರ್ ಓದಿರುವ ಕಾರಣದಿಂದ" ಎಂದು ಒಂದು ಸಾಲು.

"ಈ ಕಾರಣ ಯಾಕೆ ಬರೆದೆ? ಕರಾರಿನ ಪ್ರಕಾರ ಕಾರಣ ಕೊಡಬೇಕಾಗೇ ಇಲ್ಲ. ಕೊಟ್ರೆ ಎದುರು ಪಾರ್ಟಿಯವರು ಅದನ್ನೇ ಹಿಡ್ಕೊಂಡು ಜಗಳ ತೆಗೀತಾರೆ."

"ಎದುರು ಪಾರ್ಟಿ ನೀವೇ ಅಲ್ವಾ ಅಕ್ಕ?"

"ಅದಕ್ಕೇ ಹೇಳ್ತಿರೋದು. ಕೂತ್ಕೊಂಡು ಸರಿಯಾಗಿ ಬರಿ."

ಬಾಗಿಲ ಬಳಿಯೇ ಕೂತು ಬರೆದಳು. ಎರಡನೆಯದರಲ್ಲಿ ಕರಾರಿನ ತಾರೀಕು ತಪ್ಪಿತ್ತು, ಹರಿದು ಹಾಕಿಸಿದೆ. ಮೂರನೆಯದನ್ನು ಕೆಳಗೆ ತೆಗೆದುಕೊಂಡು ಹೋಗಿ ಅಪ್ಪನ ಸಹಿ ಹಾಕಿಸಿ ತಂದಳು. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸ್ವೀಕರಿಸಿದ್ದೇನೆ ಎಂದು ಬರೆದು, ಸಹಿ, ತಾರೀಕು ಹಾಕಿ ಅವಳ ಕೈಗೆ ಕೊಟ್ಟೆ. ಇದನ್ನು ಜೋಪಾನವಾಗಿ ಇಡು ಎಂದೆ.

ಜುಲೈ ಮೂವತ್ತೊಂದರೊಳಗೆ ಮನೆ ಬಿಡಬೇಕು. ಈಗ ಮತ್ತೆ ಎರಡು ಸಲ ಓದಿದೆ. ಎಷ್ಟು ಹುಡುಕಿದರೂ ಆ ನೋಟೀಸಿನಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ.